ಕಾರ್ಯದಿಂದ ಕರ್ತೃವಿನೆಡೆಗೆ: ಈಶ್ವರಾನುಮಾನದ ಒಂದು ವಿಚಾರ

ನಮ್ಮ ಸಂಘದ ಸಭಾಂಗಣದಲ್ಲಿ ಪ್ರತಿ ವರ್ಷ ನವರಾತ್ರಿಯ ಪಾಡ್ಯದಂದು ಗೊಂಬೆಗಳನ್ನು ಕೂರಿಸುವ ಪದ್ಧತಿಯುಂಟು. ಐದು ಮೆಟ್ಟಿಲುಗಳು. ಮೇಲಿನ ಮೆಟ್ಟಿಲಿನಲ್ಲಿ ಕಲಶ ಮತ್ತು ಪಟ್ಟದ ರಾಜ-ರಾಣಿಯರು. ಅದರ ಕೆಳಗೆ ದಶಾವತಾರ. ಅನಂತರ ಮದುವೆಯ ದಿಬ್ಬಣ, ವಾದ್ಯದವರು. ಎಲ್ಲಕ್ಕಿಂತ ಕೆಳಗೆ ಚನ್ನಪಟ್ಟಣದ ಅರಗಿನ ಆಟಿಕೆಗಳು, ಮತ್ತು ಅಕ್ಕಿ ಬೇಳೆಗಳ ಪುಟ್ಟ ರಾಶಿಗಳ ಹಿಂದೆ ಕುಳಿತ ಶೆಟ್ಟರು ಹಾಗೂ ಅವರ ಪತ್ನಿ. ಸಂಘದ ಹಿರಿಯರಾದ ಅಜ್ಜಿಯೊಬ್ಬರು ಹಲವು ವರ್ಷಗಳಿಂದ ಈ ಕೆಲಸವನ್ನು ವ್ರತದಂತೆ ನಡೆಸಿಕೊಂಡು ಬಂದಿದ್ದಾರೆ.

ಭಾನುವಾರಗಳಂದು ಇದೇ ಸಭಾಂಗಣದಲ್ಲಿ ಮಕ್ಕಳಿಗೆ ಧರ್ಮಬೋಧೆಯ ತರಗತಿ ನಡೆಸುವ ಭಾಗ್ಯ ನನ್ನದಾಗಿತ್ತು. ಕೆಲವು ವರ್ಷಗಳ ಹಿಂದಿನ ಮಾತು. ನವರಾತ್ರಿಯ ನಡುವೆ ಬಂದ ಭಾನುವಾರದಂದು ಗೊಂಬೆಗಳನ್ನೇ ತೋರಿಸಿ ಪಾಠ ಆರಂಭಿಸಿದೆ. "ಇವು ತಾವಾಗಿಯೇ ನಡೆದುಬಂದು ಸಾಲಾಗಿ ಕುಳಿತವು ಎಂದು ಯಾರಾದರೂ ಹೇಳಿದರೆ ನಂಬುವಿರಾ?" ಮಕ್ಕಳೆಲ್ಲ ಒಕ್ಕೊರಲಿನಿಂದ ಇಲ್ಲವೆಂದರು. "ಹಾಗಾದರೆ ಸೂರ್ಯಚಂದ್ರರನ್ನೂ ಋತುಗಳನ್ನೂ ನಮ್ಮ ಕಣ್ಣಿನಂಥ ಅದ್ಭುತವಾದ ಯಂತ್ರವನ್ನೂ ಜೋಡಿಸಿದವನೊಬ್ಬ ಇರಲೇಬೇಕಲ್ಲವೆ?" ಪಾಠ ಮುಗಿಯಿತೆಂಬ ತೃಪ್ತಿಯಲ್ಲಿ ನಾನಿರುವಾಗ ಹತ್ತು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಜೋಡಿಸಿದ್ದು ಅಜ್ಜಿ. ಆದರೆ ಗೊಂಬೆ ಮಾಡಿದವರು ಬೇರೆ, ಸೀರೆ ಉಡಿಸಿದವರು ಬೇರೆ, ಮೆಟ್ಟಿಲು ಹೊಡೆದ ಬಡಗಿ ಇನ್ನೊಬ್ಬ. ಹಾಗಾದರೆ ದೇವರು ಎಷ್ಟು ಜನ?" ಎಂದು ಕೇಳಿದಳು. ಮಕ್ಕಳು ನಕ್ಕರು. ನಾನೂ ನಕ್ಕು ಮಾತನ್ನು ತೇಲಿಸಿದೆ.

ತೇಲಿಸಲಾಗದ ಪ್ರಶ್ನೆ ಅನಂತರ ಬಂದಿತು. ತರಗತಿ ಬಿಟ್ಟ ಮೇಲೆ, ಮಗನನ್ನು ಕರೆದೊಯ್ಯಲು ಬಂದಿದ್ದ ತಾಯಿಯೊಬ್ಬರು ಸಂಕೋಚದಿಂದ ಹತ್ತಿರ ಬಂದರು. ಅವರ ಕೈ ಹಿಡಿದು ನಾಲ್ಕೈದು ವರ್ಷದ ಹೆಣ್ಣುಮಗು ನಿಂತಿತ್ತು. "ಮಾಸ್ತರರೇ, ಬಾಗಿಲ ಬಳಿ ನಿಂತು ನಿಮ್ಮ ಮಾತು ಕೇಳಿದೆ. ಕಣ್ಣಿನ ರಚನೆ ನೋಡಿದರೆ ದೇವರ ಕೈ ಕಾಣುತ್ತದೆ ಎಂದಿರಿ. ಇವಳಿಗೆ ಹುಟ್ಟಿದಾಗಿನಿಂದ ದೃಷ್ಟಿಯಿಲ್ಲ. ಇವಳ ಕಣ್ಣು ನೋಡಿ ನಾನು ಏನೆಂದು ತಿಳಿಯಬೇಕು?" ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂಬ ಅಪೇಕ್ಷೆಯಿತ್ತು. ಏನೋ ಸಮಾಧಾನದ ಮಾತನಾಡಿ ಕಳುಹಿಸಿದೆ. ಆ ಮಾತು ಏನೆಂಬುದು ಇಂದು ನನಗೆ ನೆನಪಿಲ್ಲದಿರುವುದೇ ಅದು ಎಷ್ಟು ಟೊಳ್ಳಾಗಿತ್ತೆಂಬುದಕ್ಕೆ ಸಾಕ್ಷಿ.

ಈ ಎರಡು ಪ್ರಶ್ನೆಗಳು ನನ್ನನ್ನು ಮತ್ತೆ ಗ್ರಂಥಗಳ ಕಡೆಗೆ ಕಳುಹಿಸಿದವು. ಅಲ್ಲಿ ಕಂಡದ್ದನ್ನು ಸಹೃದಯ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕನ್ನಡದಲ್ಲಿ 'ಅನುಮಾನ' ಎಂದರೆ ಸಂಶಯ. ಸಂಸ್ಕೃತ ಶಾಸ್ತ್ರಗಳಲ್ಲಿ ಅದಕ್ಕೆ ಬಹುಮಟ್ಟಿಗೆ ವಿರುದ್ಧವಾದ ಅರ್ಥ. ಕಂಡದ್ದರಿಂದ ಕಾಣದಿರುವುದನ್ನು ನಿಶ್ಚಯವಾಗಿ ತಿಳಿಯುವ ಸಾಧನವೇ ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ತಿಳಿಯುತ್ತೇವೆ. ಇದಕ್ಕೆ ಆಧಾರವೇನು? 'ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ' ಎಂಬ ವ್ಯಾಪ್ತಿಜ್ಞಾನ. ಆ ವ್ಯಾಪ್ತಿ ನಮಗೆ ದೊರೆತದ್ದು ಅಡಿಗೆಯ ಮನೆಯಲ್ಲಿ, ಯಜ್ಞಶಾಲೆಯಲ್ಲಿ, ಬಚ್ಚಲಿನ ಹಂಡೆಯ ಒಲೆಯಲ್ಲಿ ಮರಳಿ ಮರಳಿ ಕಂಡದ್ದರಿಂದ. ಇದನ್ನೇ ನಮ್ಮವರು ಭೂಯೋದರ್ಶನವೆಂದರು; ಆಧುನಿಕ ತರ್ಕಶಾಸ್ತ್ರದ ಕನ್ನಡ ಪುಸ್ತಕಗಳು ಅನುಗಮನವೆಂದು ಕರೆಯುತ್ತವೆ. ಬಿಡಿಬಿಡಿಯಾದ ಹಲವು ಅನುಭವಗಳಿಂದ ಸಾಮಾನ್ಯವಾದ ಒಂದು ನಿಯಮಕ್ಕೆ ಏರುವುದು ಅದರ ಕ್ರಮ.

ಈ ಏರಿಕೆಯಲ್ಲಿ ಜಾರುವ ಸ್ಥಳಗಳೂ ಉಂಟು. ಹೊಗೆಯಿರುವಲ್ಲಿ ಬೆಂಕಿಯಿದೆ ಎಂಬುದು ಸರಿ. ಆದರೆ ಬೆಂಕಿಯಿರುವಲ್ಲೆಲ್ಲ ಹೊಗೆಯಿದೆ ಎಂದರೆ ಕಾದ ಕಬ್ಬಿಣದ ಗುಂಡು ಅದನ್ನು ಸುಳ್ಳಾಗಿಸುತ್ತದೆ. ಅಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಬೆಂಕಿಯೊಂದೇ ಸಾಲದು, ಹಸಿ ಸೌದೆಯೂ ಬೇಕು. ನಾವು ಗಮನಿಸದೆ ಬಿಟ್ಟ ಈ ಹಸಿ ಸೌದೆಗೆ ನೈಯಾಯಿಕರು ಇಟ್ಟ ಹೆಸರು 'ಉಪಾಧಿ'. ಕಂಡ ಉದಾಹರಣೆಗಳಲ್ಲೆಲ್ಲ ಗುಟ್ಟಾಗಿ ಜೊತೆಗಿದ್ದು, ಹೊಸ ಸ್ಥಳದಲ್ಲಿ ಇಲ್ಲವಾಗಿ ನಮ್ಮ ನಿರ್ಣಯವನ್ನು ಕೆಡಿಸುವ ಅಂಶವದು. ಈ ಒಂದು ಪದವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದಿನ ಚರ್ಚೆಯೆಲ್ಲ ಇದರ ಸುತ್ತಲೇ ತಿರುಗುತ್ತದೆ.

ಈಶ್ವರನ ಅಸ್ತಿತ್ವವನ್ನು ಅನುಮಾನದಿಂದ ಸಿದ್ಧಪಡಿಸಿದವರಲ್ಲಿ ಅಗ್ರಗಣ್ಯರು ಮಿಥಿಲೆಯ ಉದಯನಾಚಾರ್ಯರು. ಅವರ 'ನ್ಯಾಯಕುಸುಮಾಂಜಲಿ' ಐದು ಸ್ತಬಕಗಳ ಗ್ರಂಥ. ಅವರ ವಾದದ ತಿರುಳು ಹೀಗಿದೆ: ಮಡಕೆಯು ಒಂದು ಕಾರ್ಯ, ಅಂದರೆ ಉಂಟಾದ ವಸ್ತು, ಅದಕ್ಕೆ ಕುಂಬಾರನೆಂಬ ಕರ್ತೃವಿದ್ದಾನೆ. ಭೂಮಿ, ಮೊಳಕೆ ಮೊದಲಾದವೂ ಕಾರ್ಯಗಳೇ. ಆದುದರಿಂದ ಅವಕ್ಕೂ ಕರ್ತೃವಿರಬೇಕು. ಮಾನವರಾರೂ ಆ ಕರ್ತೃವಾಗಲಾರರಾದ್ದರಿಂದ ಆತನೇ ಈಶ್ವರ. ಗೊಂಬೆಗಳನ್ನು ತೋರಿಸಿ ನಾನು ಹೇಳಿದ್ದು ಇದನ್ನೇ, ಶಾಸ್ತ್ರದ ಬಿಗಿಯಿಲ್ಲದೆ. ಉದಯನರು ಪುರಿಯ ಜಗನ್ನಾಥನ ದರ್ಶನಕ್ಕೆ ಹೋದಾಗ ಗುಡಿಯ ಬಾಗಿಲು ಮುಚ್ಚಿದ್ದಿತಂತೆ, ಆಗ ಅವರು, "ಐಶ್ವರ್ಯದ ಮದದಿಂದ ಈಗ ನನ್ನನ್ನು ಅಲಕ್ಷಿಸುತ್ತಿರುವೆ, ಬೌದ್ಧರು ಬಂದಾಗ ನಿನ್ನ ಇರವು ನನ್ನ ಕೈಯಲ್ಲಿದೆ" ಎಂದು ಸ್ವಾಮಿಯನ್ನೇ ಗದರಿಸಿದರಂತೆ. ಕಥೆ ನಿಜವಿರಲಿ ಬಿಡಲಿ, ಭಕ್ತಿಯ ಸಲಿಗೆ ಇದಕ್ಕಿಂತ ಚೆನ್ನಾಗಿ ವ್ಯಕ್ತವಾಗುವುದು ಅಪೂರ್ವ.

ಬೌದ್ಧರು ಬಂದೇ ಬಂದಿದ್ದರು. ಉದಯನರಿಗೆ ಕೆಲವು ಶತಮಾನಗಳ ಮೊದಲೇ, ಏಳನೆಯ ಶತಮಾನದ ಧರ್ಮಕೀರ್ತಿ 'ಪ್ರಮಾಣವಾರ್ತಿಕ'ದಲ್ಲಿ ಈ ಬಗೆಯ ವಾದಕ್ಕೆ ಎದುರಾಗಿ ಹುತ್ತವನ್ನು ತಂದಿಟ್ಟಿದ್ದ. ಮಣ್ಣಿನ ಆಕಾರವಾದ ಮಡಕೆಗೆ ಕುಂಬಾರನಿದ್ದಾನೆಂದು ಮಣ್ಣಿನ ಆಕಾರಗಳಿಗೆಲ್ಲ ಕುಂಬಾರನನ್ನು ಊಹಿಸಿದರೆ, ಹುತ್ತವನ್ನೂ ಕುಂಬಾರನೇ ಕಟ್ಟಿದನೆನ್ನಬೇಕಾಗುತ್ತದೆ ಎಂಬುದು ಆತನ ಆಕ್ಷೇಪ. ನಾಗರಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ನಮಗೆ ಈ ದೃಷ್ಟಾಂತ ಬೇಗ ಮನಸ್ಸಿಗೆ ಹತ್ತುತ್ತದೆ. ಗೆದ್ದಲು ಕಟ್ಟಿದ ಹುತ್ತದಲ್ಲಿ ಗೂಡುಗಳುಂಟು, ಗಾಳಿಯಾಡುವ ದಾರಿಗಳುಂಟು. ಆದರೆ ಅದರ ನಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡ ಶಿಲ್ಪಿ ಅಲ್ಲಿ ಯಾರೂ ಇಲ್ಲ. ಮಡಕೆಯನ್ನು ನೋಡಿ ಕುಂಬಾರನನ್ನು ತಿಳಿಯುವುದು ಅದು ಮಣ್ಣಿನ ಆಕಾರವೆಂಬ ಮಾತ್ರಕ್ಕಲ್ಲ; ಕುಂಬಾರನು ಅಂಥದನ್ನು ಮಾಡುವುದನ್ನು ಜನ ಕಂಡಿದ್ದಾರೆಂಬ ಕಾರಣಕ್ಕೆ. 'ಕಾರ್ಯ' ಎಂಬ ಒಂದೇ ಮಾತು ಮಡಕೆಗೂ ಬೆಟ್ಟಕ್ಕೂ ಸಲ್ಲಬಹುದು. ಮಾತು ಒಂದಾದ ಮಾತ್ರಕ್ಕೆ ವಸ್ತುಗಳ ಜಾತಿ ಒಂದಾಗದು.

ಇನ್ನೂ ಒಂದು ತೊಡಕುಂಟು. ನಾವು ಕಂಡ ಕರ್ತೃಗಳೆಲ್ಲ ಶರೀರವುಳ್ಳವರು. ಕೈಯಿಲ್ಲದೆ ತಿಗರಿ ತಿರುಗಿಸಿದ ಕುಂಬಾರನನ್ನು ಯಾರೂ ಕಂಡಿಲ್ಲ. ಹಾಗಾದರೆ ಕರ್ತೃವನ್ನು ಊಹಿಸಲು ಆಧಾರ ಬರಿಯ 'ಉಂಟಾಗಿರುವಿಕೆ'ಯೋ, 'ಶರೀರದಿಂದ ಉಂಟಾಗಿರುವಿಕೆ'ಯೋ? ಎರಡನೆಯದಾದರೆ ಅದೇ ಇಲ್ಲಿ ಹಸಿ ಸೌದೆ, ಅಂದರೆ ಉಪಾಧಿ. ಈ ಆಕ್ಷೇಪವನ್ನು ನೈಯಾಯಿಕರು ಬಲ್ಲರು. ಅದಕ್ಕೆ ಸೂಕ್ಷ್ಮವಾದ ಉತ್ತರಗಳನ್ನೂ ಕೊಟ್ಟಿದ್ದಾರೆ. ಆ ಉತ್ತರಗಳ ಆಳಕ್ಕಿಳಿಯುವ ಸಾಮರ್ಥ್ಯ ನನಗಿಲ್ಲ. ಸಂಚಿಕೆಯ ಪುಟಗಳೂ ಅಷ್ಟಿಲ್ಲ.

ಇಷ್ಟರವರೆಗೆ ಓದಿದವರು, ಇದೆಲ್ಲ ನಾಸ್ತಿಕರ ವಾದವಲ್ಲವೆ, ದೇವರ ಪುಟಗಳಲ್ಲಿ ಇದಕ್ಕೇನು ಕೆಲಸ ಎಂದು ಕೇಳಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ಅಚ್ಚರಿಯೆಂದರೆ, ಈ ಅನುಮಾನವನ್ನು ಅತ್ಯಂತ ದೃಢವಾಗಿ ನಿರಾಕರಿಸಿದವರಲ್ಲಿ ನಾವು ನಿತ್ಯ ಸ್ಮರಿಸುವ ಆಚಾರ್ಯರೇ ಇದ್ದಾರೆ.

ಶಂಕರರು ಬ್ರಹ್ಮಸೂತ್ರದ ಎರಡನೆಯ ಸೂತ್ರಕ್ಕೆ ಬರೆದ ಭಾಷ್ಯವನ್ನು ನೋಡಬೇಕು. ಜಗತ್ತಿನ ಜನ್ಮಾದಿಗಳು ಯಾವುದರಿಂದಲೋ ಅದು ಬ್ರಹ್ಮ ಎಂದು ಸೂತ್ರ ಹೇಳುವಾಗ, ಇದೂ ಒಂದು ಅನುಮಾನವೇ ಅಲ್ಲವೆ ಎಂಬ ಪ್ರಶ್ನೆ ಏಳುತ್ತದೆ. ಅಲ್ಲವೆಂದು ಅವರು ಉತ್ತರಿಸುತ್ತಾರೆ; ವೇದಾಂತವಾಕ್ಯಗಳೆಂಬ ಹೂಗಳನ್ನು ಪೋಣಿಸುವ ದಾರವೇ ಸೂತ್ರ. ಅದಕ್ಕೆ ಅವರು ಕೊಡುವ ಕಾರಣ ಗಮನಾರ್ಹವಾದುದು. ಬ್ರಹ್ಮವು ಇಂದ್ರಿಯಗಳಿಗೆ ಗೋಚರವಾಗಿದ್ದರೆ, ಜಗತ್ತು ಬ್ರಹ್ಮದೊಡನೆ ಸಂಬಂಧ ಹೊಂದಿರುವುದನ್ನು ನಾವು ಕಾಣಬಹುದಾಗಿತ್ತು. ಕಾಣುತ್ತಿರುವುದು ಕಾರ್ಯ ಮಾತ್ರ. ಅದು ಬ್ರಹ್ಮದೊಡನೆ ಸಂಬಂಧಿಸಿದೆಯೋ ಬೇರೆ ಯಾವುದರೊಡನೆಯೋ ಎಂದು ಅಷ್ಟರಿಂದಲೇ ನಿಶ್ಚಯಿಸಲಾಗದು. ಹೊಗೆ-ಬೆಂಕಿಗಳಲ್ಲಿ ಎರಡನ್ನೂ ಜೊತೆಯಾಗಿ ಕಂಡಿದ್ದೇವೆ. ಇಲ್ಲಿ ಒಂದನ್ನೇ ಕಂಡಿದ್ದೇವೆ.

ಇದೇ ಶಂಕರರು ಮುಂದೆ ಎರಡನೆಯ ಅಧ್ಯಾಯದಲ್ಲಿ ಸಾಂಖ್ಯರೊಡನೆ ವಾದಿಸುವಾಗ, ಮನೆ, ಅರಮನೆ, ಮಂಚ, ಉದ್ಯಾನಗಳನ್ನು ಬುದ್ಧಿವಂತರಾದ ಶಿಲ್ಪಿಗಳಿಲ್ಲದೆ ಜಡವಸ್ತು ತಾನೇ ರಚಿಸಿದ್ದನ್ನು ಯಾರೂ ಕಂಡಿಲ್ಲ ಎನ್ನುತ್ತಾರೆ. ಇದು ಪರಸ್ಪರ ವಿರೋಧವಲ್ಲವೆ? ನನ್ನ ಅಲ್ಪಮತಿಗೆ ತೋರುವಂತೆ ಅಲ್ಲ. ಜಡವೊಂದೇ ಸಾಕೆಂದು ಅನುಮಾನದ ಬಲದಿಂದ ಹೊರಟವನನ್ನು ಅನುಮಾನದಿಂದಲೇ ತಡೆಯುವುದು ಬೇರೆ. ಆ ಅನುಮಾನದ ಮೇಲೆಯೇ ಬ್ರಹ್ಮವನ್ನು ನಿಲ್ಲಿಸುವುದು ಬೇರೆ. ಮೊದಲನೆಯದನ್ನು ಅವರು ಮಾಡಿದರು, ಎರಡನೆಯದನ್ನು ಮಾಡಲಿಲ್ಲ.

ಮೇಲುಕೋಟೆಯಲ್ಲಿ ನೆಲಸಿ ಕನ್ನಡ ನಾಡನ್ನು ಪಾವನಗೊಳಿಸಿದ ರಾಮಾನುಜರಂತೂ ಶ್ರೀಭಾಷ್ಯದಲ್ಲಿ, ಮೂರನೆಯ ಸೂತ್ರದ ಸಂದರ್ಭದಲ್ಲಿ, ಈ ವಾದವನ್ನು ಎಳೆಎಳೆಯಾಗಿ ಬಿಚ್ಚಿದ್ದಾರೆ. ಭೂಮಿ, ಸಮುದ್ರ ಮೊದಲಾದವುಗಳು ಕಾರ್ಯಗಳೇ ಆಗಿದ್ದರೂ ಒಂದೇ ಕಾಲದಲ್ಲಿ ಒಬ್ಬನೇ ಮಾಡಿದನೆನ್ನಲು ಪ್ರಮಾಣವೇನು? ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಮಾಡಿರಬಾರದೇಕೆ? ಲೋಕದಲ್ಲಿ ಕಂಡ ಕರ್ತೃವಿಗೆ ಶರೀರವುಂಟು, ಆತ ಸರ್ವಜ್ಞನಲ್ಲ, ಸರ್ವಶಕ್ತನಲ್ಲ. ಮಡಕೆಯ ದೃಷ್ಟಾಂತವನ್ನು ಹಿಡಿದು ಹೊರಟರೆ ಸಿಗುವುದು ಅಂಥ ಕರ್ತೃವೇ ಹೊರತು ಶ್ರುತಿ ಹೇಳುವ ಪುರುಷೋತ್ತಮನಲ್ಲ. ಹತ್ತು ವರ್ಷದ ಆ ಹುಡುಗಿ ಗೊಂಬೆಗಳ ಮುಂದೆ ನಿಂತು ಕೇಳಿದ್ದು ಈ ಪ್ರಶ್ನೆಯನ್ನೇ ಎಂದು ತಿಳಿದ ದಿನ ನಾನು ನಾಚಿದೆ. ಭಾಷ್ಯಕಾರರು ಗೌರವದಿಂದ ಎತ್ತಿಕೊಂಡ ಪ್ರಶ್ನೆಯನ್ನು ನಾನು ನಕ್ಕು ತೇಲಿಸಿದ್ದೆ!

ಇನ್ನು ಉಡುಪಿಯ ಮಧ್ವಾಚಾರ್ಯರು. ಅನೇಕ ವಿಷಯಗಳಲ್ಲಿ ಶಂಕರ-ರಾಮಾನುಜರಿಂದ ದೂರ ನಿಂತವರಾದರೂ ಈ ಒಂದರಲ್ಲಿ ಅವರ ಮಾತು ಇನ್ನೂ ಖಂಡಿತವಾದುದು. 'ವಿಷ್ಣುತತ್ತ್ವವಿನಿರ್ಣಯ'ದ ಮಂಗಳಶ್ಲೋಕದಲ್ಲಿಯೇ ನಾರಾಯಣನನ್ನು ಸದಾಗಮಗಳಿಂದ ಮಾತ್ರ ತಿಳಿಯತಕ್ಕವನೆಂದು ಅವರು ವಂದಿಸುತ್ತಾರೆ.

ಈ ಆಚಾರ್ಯರ ಹಠಕ್ಕೆ ಅರ್ಥವೇನು? ಅನುಗಮನದ ಸ್ವಭಾವವೇ ಅದಕ್ಕೆ ಕಾರಣ. ಉದಾಹರಣೆಗಳಲ್ಲಿ ಎಷ್ಟಿದೆಯೋ ಅಷ್ಟನ್ನೇ ಅದು ಕೊಡಬಲ್ಲುದು. ಕುಂಬಾರರಿಂದ ಹೊರಟವನು ತಲುಪುವುದು ದೊಡ್ಡ ಕುಂಬಾರನನ್ನು. ಆತ ಮಣ್ಣಿನ ಹೊರಗೆ ನಿಂತವನು, ಸಿಕ್ಕ ಸಾಮಗ್ರಿಯಲ್ಲಿ ಸಾಧ್ಯವಾದಷ್ಟನ್ನು ಮಾಡುವವನು. ಶಂಕರ-ರಾಮಾನುಜರ ಮತದಲ್ಲಿ ಬ್ರಹ್ಮವು ಕುಂಬಾರನೂ ಹೌದು, ಮಣ್ಣೂ ಹೌದು. ಅದಕ್ಕಾಗಿಯೇ ಮುಂಡಕೋಪನಿಷತ್ತು ಕುಂಬಾರನನ್ನು ಬಿಟ್ಟು ಜೇಡನನ್ನು ತರುತ್ತದೆ. ತನ್ನೊಳಗಿನಿಂದಲೇ ನೂಲನ್ನು ಹೊರಗೆ ಬಿಟ್ಟು ತನ್ನೊಳಗೆ ಸೆಳೆದುಕೊಳ್ಳುವ ಜೇಡನನ್ನು.

ಈ ಜೇಡನು ಸಮುದ್ರ ದಾಟಿ ಹೋದ ಕಥೆ ಸ್ವಾರಸ್ಯವಾಗಿದೆ. ಸ್ಕಾಟ್ಲೆಂಡಿನ ತತ್ತ್ವಜ್ಞ ಡೇವಿಡ್ ಹ್ಯೂಮ್ ೧೭೭೬ರಲ್ಲಿ ತೀರಿಕೊಂಡ. ಸ್ವಾಭಾವಿಕ ಧರ್ಮವನ್ನು ಕುರಿತ ಅವನ ಸಂವಾದಗ್ರಂಥ ೧೭೭೯ರಲ್ಲಿ ಪ್ರಕಟವಾಯಿತು. ಜಗತ್ತು ಒಂದು ಮಹಾಯಂತ್ರ, ಆದ್ದರಿಂದ ಮಾನವಬುದ್ಧಿಯನ್ನು ಹೋಲುವ ಬುದ್ಧಿಯೊಂದು ಅದನ್ನು ರಚಿಸಿತು ಎನ್ನುವವನು ಅದರಲ್ಲಿ ಕ್ಲಿಯಾಂತಿಸ್. ಅವನ ವಾದವನ್ನು ಸಡಿಲಗೊಳಿಸುತ್ತ ಹೋಗುವವನು ಫೈಲೋ. ಮನೆ ಕಟ್ಟುವುದನ್ನು ಬಹಳ ಸಲ ಕಂಡಿದ್ದೇವೆ, ಜಗತ್ತುಗಳು ಕಟ್ಟಲ್ಪಡುವುದನ್ನು ಒಮ್ಮೆಯೂ ಕಂಡಿಲ್ಲ. ಒಂದೇ ಒಂದು ಜಗತ್ತು ನಮ್ಮ ಮುಂದಿರುವಾಗ ಭೂಯೋದರ್ಶನವೆಲ್ಲಿ ಬಂತು ಎಂಬ ತಾತ್ಪರ್ಯದ ಮಾತು ಫೈಲೋವಿನದು. ಹಡಗನ್ನೂ ಮನೆಯನ್ನೂ ಹಲವರು ಸೇರಿ ಕಟ್ಟುತ್ತಾರಲ್ಲ ಎಂದೂ ಅವನು ಕೇಳುತ್ತಾನೆ. ಶಂಕರರ ಮತ್ತು ರಾಮಾನುಜರ ಮಾತುಗಳೇ ಶತಮಾನಗಳ ತರುವಾಯ ಮತ್ತೊಂದು ಭೂಖಂಡದಲ್ಲಿ ಹುಟ್ಟಿದಂತಿವೆ. ಅವನು ಇವರನ್ನು ಓದಿದವನಲ್ಲ. ಆದರೆ ಜೇಡನ ಸುದ್ದಿ ಮಾತ್ರ ಹೇಗೋ ಅವನ ಕಿವಿಗೆ ಬಿದ್ದಿತ್ತು. ಅನಂತವಾದ ಜೇಡವೊಂದು ತನ್ನ ಹೊಟ್ಟೆಯಿಂದ ಜಗತ್ತನ್ನು ನೇಯ್ದಿತೆಂದು ಬ್ರಾಹ್ಮಣರು ಹೇಳುತ್ತಾರೆ, ನಮಗಿದು ನಗೆಗೀಡಾಗಿ ಕಾಣುತ್ತದೆ, ಆದರೆ ಜೇಡಗಳೇ ತುಂಬಿದ ಗ್ರಹವಿದ್ದರೆ ಅಲ್ಲಿ ಈ ಅನುಮಾನವೇ ಸಹಜವಾಗಿ ಕಂಡೀತು ಎಂದು ಫೈಲೋವಿನ ಬಾಯಲ್ಲಿ ಹೇಳಿಸುತ್ತಾನೆ. ಉಪನಿಷತ್ತಿನ ಆಶಯ ಅವನಿಗೆ ತಲುಪಿರಲಿಲ್ಲ. ಆದರೂ ಅವನ ಚುಚ್ಚುಮಾತಿನಲ್ಲಿ ತಿಳಿವಳಿಕೆಯಿದೆ: ಪ್ರತಿಯೊಬ್ಬನೂ ತನಗೆ ಪರಿಚಿತವಾದ ಕಸಬನ್ನೇ ದೇವರಿಗೆ ಕೊಡುತ್ತಾನೆ.

ಹ್ಯೂಮನ ಅನಂತರವೂ ಆ ವಾದ ನಿಲ್ಲಲಿಲ್ಲ. ೧೮೦೨ರಲ್ಲಿ ವಿಲಿಯಂ ಪೇಲಿ ಎಂಬ ಇಂಗ್ಲಿಷ್ ಪಾದ್ರಿ, ಬಯಲಿನಲ್ಲಿ ಬಿದ್ದ ಗಡಿಯಾರದ ದೃಷ್ಟಾಂತದಿಂದ ಅದನ್ನು ಮನೆಮಾತಾಗಿಸಿದ. ಕಣ್ಣನ್ನು ದೂರದರ್ಶಕ ಯಂತ್ರಕ್ಕೆ ಹೋಲಿಸಿದ. ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಪೇಲಿಯ ಗ್ರಂಥಗಳನ್ನು ಮೆಚ್ಚಿ ಓದಿದ ಚಾರ್ಲ್ಸ್ ಡಾರ್ವಿನ್ ೧೮೫೯ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದ. ಪ್ರಾಣಿಗಳ ಸಂತತಿಯಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳು ಹುಟ್ಟುತ್ತವೆ, ಬಾಳಿಗೆ ಅನುಕೂಲವಾದವು ಉಳಿದು ಮುಂದಿನ ತಲೆಮಾರಿಗೆ ಸಾಗುತ್ತವೆ, ಅಪಾರ ಕಾಲದಲ್ಲಿ ಅವು ಕೂಡುತ್ತ ಕೂಡುತ್ತ ಕಣ್ಣಿನಂಥ ಅಂಗವೂ ಉಂಟಾಗುತ್ತದೆ ಎಂಬುದು ಅವನ ಸಿದ್ಧಾಂತ. ಹುತ್ತದ ದೃಷ್ಟಾಂತಕ್ಕೆ ಇದಕ್ಕಿಂತ ದೊಡ್ಡ ವ್ಯಾಖ್ಯಾನ ಬೇಕಿಲ್ಲ. ಕಣ್ಣಿನ ರಚನೆಯಲ್ಲಿ ಆ ದೀರ್ಘ ಪ್ರಯಾಣದ ಗುರುತುಗಳೂ ಇವೆ. ನಮ್ಮ ಅಕ್ಷಿಪಟಲದಲ್ಲಿ ನರತಂತುಗಳು ಬೆಳಕನ್ನು ಗ್ರಹಿಸುವ ಕಣಗಳ ಮುಂದೆ ಹಾದು, ಒಂದೆಡೆ ಕೂಡಿ ಹಿಂದಕ್ಕೆ ಹೊರಡುತ್ತವೆ; ಆ ಸ್ಥಳದಲ್ಲಿ ನಮಗೆ ಏನೂ ಕಾಣದು. ಅಷ್ಟಪದಿಯೆಂಬ ಸಮುದ್ರಜೀವಿಯ ಕಣ್ಣಿನಲ್ಲಿ ತಂತುಗಳು ಹಿಂಬದಿಯಿಂದಲೇ ಹೊರಡುವುದರಿಂದ ಅದಕ್ಕೆ ಈ ಕುರುಡುಬಿಂದುವಿಲ್ಲ.

ಇತ್ತೀಚೆಗೆ ಕೆಲವರು ಕಣ್ಣನ್ನು ಬಿಟ್ಟು, ಗುರುತ್ವಾಕರ್ಷಣೆಯೇ ಮೊದಲಾದ ಮೂಲ ಪ್ರಮಾಣಗಳು ಜೀವಕ್ಕೆ ಹೊಂದುವಂತೆ ಇರುವುದನ್ನು ಆಧಾರವಾಗಿ ಹಿಡಿಯುತ್ತಾರೆ. ವಾದ ನವೀನವಾಗಿದೆ; ಆದರೆ ಒಂದೇ ಜಗತ್ತನ್ನು ಕಂಡು ಜಗತ್ತುಗಳ ನಿಯಮವನ್ನು ಹೇಳುವ ಹಳೆಯ ತೊಡಕು ಅಲ್ಲಿಯೂ ಇದ್ದೇ ಇದೆ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಅನುಗಮನದ ಮಾರ್ಗವನ್ನು ಒಪ್ಪಿದವನು ಅನುಕೂಲವಾದ ಉದಾಹರಣೆಗಳನ್ನು ಮಾತ್ರ ಎಣಿಸುವಂತಿಲ್ಲ. ಕಾಣುವ ಕಣ್ಣು ಕರ್ತೃವಿನ ಕೌಶಲಕ್ಕೆ ಸಾಕ್ಷಿಯಾದರೆ ಕಾಣದ ಕಣ್ಣು ಯಾವುದಕ್ಕೆ ಸಾಕ್ಷಿ? ಬೌದ್ಧರ ಪ್ರಬಲ ವಿರೋಧಿಯೂ ವೇದದ ಪರಮಾಭಿಮಾನಿಯೂ ಆದ ಕುಮಾರಿಲಭಟ್ಟರೇ 'ಶ್ಲೋಕವಾರ್ತಿಕ'ದಲ್ಲಿ, ಕರ್ತೃವೊಬ್ಬನಿದ್ದರೆ ದುಃಖಮಯವಾದ ಈ ಸೃಷ್ಟಿಯನ್ನು ಏಕೆ ಮಾಡಿದನೆಂದು ಕೇಳಿದ್ದಾರೆ. ಕರ್ಮಸಿದ್ಧಾಂತವುಂಟಲ್ಲ ಎನ್ನಬಹುದು. ಈಶ್ವರನಿಗೆ ಪಕ್ಷಪಾತವಾಗಲಿ ನಿರ್ದಯೆಯಾಗಲಿ ಇಲ್ಲ, ಜೀವರ ಕರ್ಮವನ್ನು ಅಪೇಕ್ಷಿಸಿ ಸೃಷ್ಟಿಸುತ್ತಾನೆ ಎಂದು ಬ್ರಹ್ಮಸೂತ್ರವೇ ಹೇಳಿದೆ. ಅದನ್ನು ನಾನು ನಂಬುತ್ತೇನೆ. ಆದರೆ ಪೂರ್ವಜನ್ಮದ ಕರ್ಮವು ಮಗುವಿನ ಕಣ್ಣನ್ನು ಪರೀಕ್ಷಿಸಿ ಕಂಡುಹಿಡಿದ ಸಂಗತಿಯಲ್ಲ. ಅದೂ ಆಗಮದ ಮಾತೇ. ಗೊಂಬೆಯಿಂದ ಆರಂಭಿಸಿ ಅರ್ಧದಾರಿಯಲ್ಲಿ ಆಗಮವನ್ನು ಎರವಲು ತರುವುದಾದರೆ ಗೊಂಬೆಯಿಂದ ಆರಂಭಿಸುವುದೇಕೆ? ಅದಲ್ಲದೆ, ಮಗುವಿನ ಕೈ ಹಿಡಿದು ನಿಂತ ತಾಯಿಗೆ ಆ ಸೂತ್ರವನ್ನು ಒಪ್ಪಿಸಲು ನನಗೆ ನಾಲಿಗೆ ಏಳುತ್ತಿರಲಿಲ್ಲ.

ಹಾಗಾದರೆ ಉದಯನರ ಶ್ರಮವೆಲ್ಲ ವ್ಯರ್ಥವೋ? ಹಾಗೆ ಹೇಳುವ ಧೈರ್ಯ ನನಗಿಲ್ಲ. ಅವರ ಗ್ರಂಥದ ಆರಂಭವನ್ನು ನೋಡಿದ ಮೇಲೆ ಮನಸ್ಸೂ ಇಲ್ಲ. ಎಲ್ಲರೂ ಒಂದಲ್ಲ ಒಂದು ರೂಪದಲ್ಲಿ ಉಪಾಸಿಸುವ ಆ ಈಶ್ವರನ ವಿಷಯದಲ್ಲಿ ಸಂಶಯವೆಲ್ಲಿ ಎಂದು ಅವರೇ ಕೇಳಿಕೊಳ್ಳುತ್ತಾರೆ. ತಮ್ಮ ನ್ಯಾಯಚರ್ಚೆಯು ಶ್ರವಣದ ತರುವಾಯ ಬರುವ ಮನನ, ಅದೂ ಒಂದು ಉಪಾಸನೆಯೇ ಎನ್ನುತ್ತಾರೆ. ಕುಸುಮಾಂಜಲಿಯೆಂದರೆ ಬೊಗಸೆಯ ಹೂ. ಮೊದಲು ಕೇಳಿ ನಂಬಿದ್ದನ್ನು ಬುದ್ಧಿಯಿಂದ ಮತ್ತೆ ಮತ್ತೆ ಮುಟ್ಟಿ ನೋಡುವುದು ಅವರ ಕೆಲಸ. ಅವರು ಹೂವಾಗಿ ಅರ್ಪಿಸಿದ್ದನ್ನು ನಾನು ತರಗತಿಯಲ್ಲಿ ಅಡಿಪಾಯದ ಕಲ್ಲಾಗಿ ಬಳಸಿದೆ, ತಪ್ಪು ಅಲ್ಲಿತ್ತು.

ಆ ತಾಯಿಯನ್ನು ಮುಂದೆ ಒಂದು ಏಕಾದಶಿಯ ಭಜನೆಯ ದಿನ ಕಂಡಾಗ, ಅಂದು ನಾನು ಹೇಳಿದ ಪಾಠ ಸರಿಯಾಗಿರಲಿಲ್ಲವೆಂದು ತಿಳಿಸಿದೆ. ಕಣ್ಣನ್ನು ನೋಡಿ ದೇವರನ್ನು ಅಳೆಯಬೇಕೆಂದು ನಮ್ಮ ಹಿರಿಯರು ಹೇಳಿಲ್ಲ, ನಿಮ್ಮ ಮಗುವಿನ ಕಣ್ಣು ಯಾವ ವಾದಕ್ಕೂ ಉತ್ತರ ಹೇಳಬೇಕಾಗಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಂದರೆ ಸಾಕು ಮಾಸ್ತರರೇ" ಎಂದರು. ಅವರು ಭಜನೆಗೆ ಬರುವುದನ್ನು ಅದಕ್ಕೆ ಮೊದಲೂ ಬಿಟ್ಟಿರಲಿಲ್ಲ, ಅನಂತರವೂ ಬಿಡಲಿಲ್ಲ.

ಮಗು ಈಗ ದೊಡ್ಡವಳಾಗಿದ್ದಾಳೆ; ಸಂಘದಲ್ಲಿ ದೇವರನಾಮಗಳನ್ನು ಇಂಪಾಗಿ ಹಾಡುತ್ತಾಳೆ. ನವರಾತ್ರಿಯಲ್ಲಿ ಪೂಜೆ ಮುಗಿದ ಮೇಲೆ ಕೆಳಗಿನ ಮೆಟ್ಟಿಲಿನ ಗೊಂಬೆಗಳನ್ನು ಕೈಯಿಂದ ಮುಟ್ಟಿ ನೋಡಲು ಅಜ್ಜಿಯವರು ಅವಳಿಗೆ ಪ್ರತಿ ವರ್ಷವೂ ಅನುಮತಿ ಕೊಟ್ಟಿದ್ದರು. ಕಳೆದ ವರ್ಷ ಅಜ್ಜಿಯವರು ಮೊಮ್ಮಗಳ ಬಾಣಂತನಕ್ಕೆಂದು ಪುಣೆಗೆ ಹೋಗಿದ್ದರಿಂದ ಗೊಂಬೆ ಕೂರಿಸುವ ಕೆಲಸ ನನ್ನ ಮತ್ತು ನನ್ನ ಪತ್ನಿಯ ಪಾಲಿಗೆ ಬಂದಿತು. ಹಿಂದಿನ ಭಾವಚಿತ್ರವೊಂದನ್ನು ಎದುರಿಗಿಟ್ಟುಕೊಂಡು ಜೋಡಿಸಿದೆವು; ವ್ಯತ್ಯಾಸ ಯಾರಿಗೂ ತಿಳಿಯದೆಂದು ಭಾವಿಸಿದ್ದೆವು. ಆ ಹುಡುಗಿ ಬಂದು ಮೆಟ್ಟಿಲಿನ ಅಂಚಿನಿಂದ ಬೆರಳಾಡಿಸುತ್ತ ಹೋದಳು. ಆನೆ, ಕುದುರೆ, ಬುಗುರಿ. ಅಕ್ಕಿಯ ರಾಶಿಯ ಬಳಿ ಬಂದಾಗ ಕೈ ನಿಂತಿತು. "ಶೆಟ್ಟರ ಪಕ್ಕಕ್ಕೇ ಅವರ ಹೆಂಡತಿಯನ್ನು ಕೂರಿಸಿದ್ದೀರಿ. ಅಜ್ಜಿ ಯಾವಾಗಲೂ ನಡುವೆ ಬೇಳೆಯ ರಾಶಿ ಇಡುತ್ತಿದ್ದರು. ಈ ಸಲ ಜೋಡಿಸಿದ್ದು ಅಜ್ಜಿಯಲ್ಲ, ಅಲ್ಲವೆ?" ಎಂದು ಕೇಳಿದಳು.